ಇನ್ನೂರು ರೂಪಾಯಿಯ ಮಿತಿಯೂ ಕೆಲವರಷ್ಟೇ ನೋಡುವ ಸಿನಿಮಾವೂ

2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಸಿನಿಮಾ ಟಿಕೆಟಿನ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ತಿಂಗಳ ಕೊನೆಗೆ ವಿಭಾಗೀಯ ಪೀಠದಿಂದ ಇನ್ನೊಂದು ಆದೇಶ ಬಂತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶದ ಷರತ್ತುಗಳನ್ನೂ ತಡೆಹಿಡಿಯಿತು. ಇಷ್ಟೆಲ್ಲ ಆಗುವಾಗ ಮಂಗಳೂರು, ಉಡುಪಿ, ಮಣಿಪಾಲದ ಮಲ್ಟಿಪ್ಲೆಕ್ಸ್‌ಗಳಿಗೆ ಹೋದ ಪ್ರೇಕ್ಷಕರಿಗೆ ಮಿತಿ ಜಾರಿಯಲ್ಲಿದೆಯೇ, ಹೆಚ್ಚು ಕೊಟ್ಟ ಹಣ ಹಿಂದಕ್ಕೆ ಬರುತ್ತದೆಯೇ ಎಂಬುದೇ ಗೊತ್ತಾಗದೆ ಉಳಿಯಿತು.

ಈ ಗೊಂದಲದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ದರದ ಮಿತಿಯಿಂದ ಸಣ್ಣ ಸಿನಿಮಾಗಳಿಗೆ ಅನುಕೂಲವಾಗುತ್ತದೆ ಎಂದು ಒಂದು ಕಡೆಯವರು ಹೇಳುತ್ತಾರೆ; ಮೊದಲು ಪೆಟ್ಟು ಬೀಳುವುದೇ ಸಣ್ಣ ಸಿನಿಮಾಗಳಿಗೆ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಹೆಸರು ಹೇಳಿದರೆ ಎದುರಿಗಿದ್ದವರಿಗೆ ಗುರುತೇ ಹತ್ತದಂಥ ಚಿತ್ರಗಳನ್ನು ಇಷ್ಟಪಟ್ಟು ನೋಡುವವರು ನಮ್ಮ ನಡುವೆ ಇದ್ದಾರೆ. ಹಾಸ್ಯದ ಚೌಕಟ್ಟಿನಿಂದ ಹೊರಬಂದ ತುಳು ಚಿತ್ರ, ಬ್ಯಾರಿ ಅಥವಾ ಕೊಂಕಣಿ ಚಿತ್ರ, ಇರಾನಿನ ಸಿನಿಮಾ, ಅನಿಮೆ ಎಂಬ ಜಪಾನಿನ ಅನಿಮೇಷನ್ ಚಿತ್ರ, ಹೀಗೆ ಅವರ ಆಯ್ಕೆಗಳು ಬೇರೆ ಬೇರೆ. ಅಂಥವರಿಗೆ ಈ ನಿಯಮದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಆದೇಶದಿಂದ ತಡೆಯಾಜ್ಞೆಯವರೆಗೆ

ಮಿತಿಯ ಯೋಚನೆ ಹೊಸದಲ್ಲ. 2017ರಲ್ಲೂ ಸರ್ಕಾರ ಮಲ್ಟಿಪ್ಲೆಕ್ಸ್‌ಗಳಿಗೆ ಇದೇ 200 ರೂಪಾಯಿಯ ಮಿತಿಯನ್ನು ಪ್ರಕಟಿಸಿತ್ತು, ಅದು ಉಳಿಯಲಿಲ್ಲ. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಮತ್ತೆ ಅದೇ ಘೋಷಣೆಯಾಯಿತು. ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಂದು ಒಟಿಟಿ ವೇದಿಕೆ ಸ್ಥಾಪಿಸುವ ಮಾತೂ ಆ ಬಜೆಟ್ಟಿನಲ್ಲೇ ಬಂತು. ಜುಲೈಯಲ್ಲಿ ಕರಡು ಹೊರಟು, ಸೆಪ್ಟೆಂಬರಿನಲ್ಲಿ ಕರ್ನಾಟಕ ಸಿನಿಮಾ ನಿಯಂತ್ರಣ ನಿಯಮಗಳ ತಿದ್ದುಪಡಿಯಾಗಿ ಅಂತಿಮಗೊಂಡಿತು. ಭಾಷೆ ಯಾವುದೇ ಇರಲಿ, ಮಂದಿರ ಯಾವುದೇ ಇರಲಿ, ತೆರಿಗೆ ಬಿಟ್ಟು ಟಿಕೆಟಿನ ದರ 200 ರೂಪಾಯಿಯನ್ನು ಮೀರಕೂಡದು ಎಂಬುದು ಅದರ ಸಾರ. 18 ಶೇಕಡಾ ಜಿಎಸ್‌ಟಿ ಸೇರಿದರೆ ಪ್ರೇಕ್ಷಕರು ಕೊಡುವ ಮೊತ್ತ 236 ರೂಪಾಯಿ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳಿರುವ, ವಿಶೇಷ ಸೌಕರ್ಯದ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. ಈ ವಿನಾಯಿತಿಯ ವಿಚಾರ ಮುಂದೆ ಮತ್ತೆ ಬರುತ್ತದೆ, ಏಕೆಂದರೆ ಇಡೀ ನಿಯಮದಲ್ಲಿ ಸಣ್ಣ ಸಭಾಂಗಣದ ಪ್ರಸ್ತಾಪ ಇರುವುದು ಅದೊಂದೇ ಕಡೆ.

ಮಲ್ಟಿಪ್ಲೆಕ್ಸ್‌ಗಳ ಸಂಘವೂ ಹೊಂಬಾಳೆ ಫಿಲ್ಮ್ಸ್‌ನಂಥ ದೊಡ್ಡ ನಿರ್ಮಾಣ ಸಂಸ್ಥೆಯೂ ಹೈಕೋರ್ಟಿಗೆ ಹೋದವು. ಏಕಸದಸ್ಯ ಪೀಠ ತಿದ್ದುಪಡಿಗೆ ತಡೆ ನೀಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿದಾಗ ವಿಭಾಗೀಯ ಪೀಠ ತಡೆಯನ್ನು ತೆರವುಗೊಳಿಸಲಿಲ್ಲ, ಆದರೆ ಮಾರಿದ ಪ್ರತಿಯೊಂದು ಟಿಕೆಟಿನ ಲೆಕ್ಕವನ್ನೂ ಮಲ್ಟಿಪ್ಲೆಕ್ಸ್‌ಗಳು ಇಡಬೇಕೆಂದು ಸೂಚಿಸಿತು. ಕೊನೆಗೆ ಸರ್ಕಾರವೇ ಗೆದ್ದರೆ ಪ್ರೇಕ್ಷಕರಿಗೆ ಹೆಚ್ಚುವರಿ ಹಣ ಮರಳಿಸಲು ಬೇಕಾಗುವ ದಾಖಲೆ ಇರಲಿ ಎಂಬುದು ಅದರ ಉದ್ದೇಶ. ಸುಪ್ರೀಂ ಕೋರ್ಟ್ ತಡೆದದ್ದು ಈ ಲೆಕ್ಕದ ಷರತ್ತುಗಳನ್ನು. ಹಾಗಾಗಿ ಸುಪ್ರೀಂ ಕೋರ್ಟ್ 200 ರೂಪಾಯಿಯ ಮಿತಿಯನ್ನೇ ರದ್ದುಮಾಡಿತು ಎಂದು ತಿಳಿಯುವುದು ಸರಿಯಲ್ಲ. ಮಿತಿ ಸಿಂಧುವೇ ಅಲ್ಲವೇ ಎಂಬ ಮೂಲ ಪ್ರಶ್ನೆ ಹೈಕೋರ್ಟಿನ ಅಂಗಳದಲ್ಲೇ ಉಳಿಯಿತು. ಆ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟಿನ ಪೀಠ ಮಲ್ಟಿಪ್ಲೆಕ್ಸ್‌ಗಳ ನೀರು, ಕಾಫಿಯ ದರಗಳನ್ನು ಪ್ರಸ್ತಾಪಿಸಿ, ಹೀಗೆ ಮುಂದುವರಿದರೆ ಮಂದಿರಗಳು ಖಾಲಿಯಾಗುತ್ತವೆ ಎಂದು ಎಚ್ಚರಿಸಿದ್ದು ಸುದ್ದಿಯಾಯಿತು. ಅದು ಮೌಖಿಕ ಮಾತು, ಆದೇಶದ ಭಾಗವಲ್ಲ.

ಎರಡು ಕಡೆಯ ವಾದ

ಸರ್ಕಾರದ ನಿಲುವು ಸಾರ್ವಜನಿಕ ಹಿತದ್ದು. ಸಾಮಾನ್ಯ ಕುಟುಂಬವೊಂದು ಸಿನಿಮಾ ನೋಡುವುದೇ ದುಬಾರಿಯಾದರೆ ಅಭ್ಯಾಸವೇ ತಪ್ಪಿಹೋಗುತ್ತದೆ, ನೆರೆರಾಜ್ಯಗಳಲ್ಲಿ ದರದ ನಿಯಂತ್ರಣ ಇರುವಾಗ ಇಲ್ಲಿ ಯಾಕಾಗಬಾರದು ಎಂದು ಅದು ಕೇಳುತ್ತದೆ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಮಿತಿಯನ್ನು ಸ್ವಾಗತಿಸಿತು. ಅರ್ಜಿದಾರರು ಮುಖ್ಯವಾಗಿ ಎರಡು ಮಾತು ಹೇಳಿದರು. ಮಂದಿರಗಳಿಗೆ ಪರವಾನಗಿ ಕೊಡುವ ಕಾನೂನು ದರ ನಿಗದಿಯ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿಲ್ಲ ಎಂಬುದು ಮೊದಲನೆಯದು. ಹೂಡಿದ ಬಂಡವಾಳ, ಒದಗಿಸಿದ ಸೌಕರ್ಯ, ಊರು ಯಾವುದನ್ನೂ ನೋಡದೆ ಎಲ್ಲರಿಗೂ ಒಂದೇ ಮಿತಿ ಹಾಕುವುದು ವ್ಯಾಪಾರದ ಮೂಲಭೂತ ಹಕ್ಕಿಗೆ ವಿರುದ್ಧ ಎಂಬುದು ಎರಡನೆಯದು.

ಎರಡೂ ವಾದಗಳಿಗೆ ಹುರುಳಿದೆ. ಆದರೆ ಎರಡೂ ಕಡೆಯವರ ಕಣ್ಣ ಮುಂದೆ ಇರುವುದು ಎಲ್ಲರೂ ನೋಡಲು ಬಯಸುವ ಸಿನಿಮಾ. ತಡೆಯಾಜ್ಞೆ ಬಂದ ಒಂಬತ್ತು ದಿನಕ್ಕೆ, ಅಕ್ಟೋಬರ್ 2ರಂದು, ಕರಾವಳಿಯ ದೈವಾರಾಧನೆಯ ಹಿನ್ನೆಲೆಯುಳ್ಳ ಹೊಂಬಾಳೆಯ ಬಹುನಿರೀಕ್ಷಿತ ಚಿತ್ರ ತೆರೆಗೆ ಬಂತು. ಆಗ ಇಡೀ ಚರ್ಚೆ ಅದರ ಟಿಕೆಟಿನ ಸುತ್ತಲೇ ಸುತ್ತಿದ್ದು ಸಹಜ. ದರ ಎಷ್ಟೇ ಇದ್ದರೂ ತುಂಬುವ ಪ್ರದರ್ಶನದಲ್ಲಿ ದರವೇ ಮುಖ್ಯ ಪ್ರಶ್ನೆ. ಪ್ರದರ್ಶನವೇ ಇಲ್ಲದ ಸಿನಿಮಾಕ್ಕೆ ಆ ಪ್ರಶ್ನೆ ತಲುಪುವುದೇ ಇಲ್ಲ.

ಚೆದುರಿದ ಕೆಲವರು, ಒಂದೆಡೆ ನೆರೆದ ಕೆಲವರು

ಅಪರೂಪದ ಅಭಿರುಚಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಕನಿಷ್ಠ ಎರಡು ಬಗೆಗಳಿವೆ. ಇವೆರಡರ ವ್ಯತ್ಯಾಸವನ್ನು ಗಮನಿಸದೆ ಮಾಡಿದ ಯಾವ ನೀತಿಯೂ ಗುರಿ ಮುಟ್ಟುವುದಿಲ್ಲ.

ಮೊದಲನೆಯದು ತೆಳುವಾಗಿ ಎಲ್ಲೆಡೆ ಹರಡಿದ್ದು. ಅನಿಮೆ ನೋಡುವವರು ಸುರತ್ಕಲ್‌ನಲ್ಲೂ ಇದ್ದಾರೆ, ಮಣಿಪಾಲದ ಹಾಸ್ಟೆಲುಗಳಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇಂಫಾಲದಲ್ಲೂ ಇದ್ದಾರೆ. ಮನೆಯ ಹಿರಿಯರಿಗೆ ಅದು ಮಕ್ಕಳ ಕಾರ್ಟೂನು. ಆದರೆ ದರಮಿತಿಯ ಅಧಿಸೂಚನೆ ಹೊರಟ ಅದೇ ಸೆಪ್ಟೆಂಬರ್ 12ರಂದು ಜಪಾನಿನ ಅನಿಮೆ ಚಿತ್ರವೊಂದು ಭಾರತದಲ್ಲಿ ಬಿಡುಗಡೆಯಾಗಿ, ಹಲವು ನಗರಗಳಲ್ಲಿ ಬೆಳಗಿನ ಜಾವದ ಪ್ರದರ್ಶನಗಳೂ ತುಂಬಿದವು. ಊರೂರಿನ ಕೆಲವರನ್ನು ಕೂಡಿಸಿದಾಗ ದೇಶದ ಮಟ್ಟದಲ್ಲಿ ದೊಡ್ಡ ಸಂಖ್ಯೆಯಾಯಿತು. ಈ ಬಗೆಯ ಅಭಿರುಚಿಗೆ ಇಂಟರ್‌ನೆಟ್ ಒದಗಿಬಂದಿದೆ. ವೇದಿಕೆಗಳು ಅದನ್ನು ಎಣಿಸಬಲ್ಲವು, ವಿತರಕರು ಅದನ್ನು ನಂಬಿ ಹಣ ಹೂಡಬಲ್ಲರು.

ಎರಡನೆಯದು ಒಂದೇ ನೆಲದಲ್ಲಿ ದಟ್ಟವಾಗಿದ್ದು, ಅದರಾಚೆ ಇಲ್ಲವೇ ಇಲ್ಲವೆನ್ನುವಷ್ಟು ವಿರಳವಾದದ್ದು. ತುಳು ಸಿನಿಮಾ ಈ ಬಗೆಯದು. 1971ರಲ್ಲಿ ಮೊದಲ ತುಳು ಚಿತ್ರ ತೆರೆಕಂಡ ಮೇಲೆ ಅರ್ಧ ಶತಮಾನದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು ಬಂದಿವೆ. ಮಂಗಳೂರು, ಉಡುಪಿಯಲ್ಲಿ ಅವಕ್ಕೆ ಅಭಿಮಾನಿಗಳಿದ್ದಾರೆ, ಮುಂಬಯಿಯಲ್ಲೂ ಕೊಲ್ಲಿ ದೇಶಗಳಲ್ಲೂ ಊರಿನವರ ಸಂಘಗಳು ಸೇರಿ ಪ್ರದರ್ಶನ ಏರ್ಪಡಿಸುತ್ತವೆ. ಆದರೆ ಶಿರಾಡಿ ಘಾಟಿ ಹತ್ತಿ ಆಚೆಗೆ ಹೋದರೆ ಬೆಂಗಳೂರಿನ ಕೆಲವು ವಾರಾಂತ್ಯದ ಪ್ರದರ್ಶನಗಳನ್ನು ಬಿಟ್ಟು ಹೆಚ್ಚಿನ ಕನ್ನಡಿಗರಿಗೆ ಅವುಗಳ ಹೆಸರೂ ತಿಳಿದಿರುವುದಿಲ್ಲ. ಬ್ಯಾರಿ ಭಾಷೆಯ ಮೊದಲ ಕಥಾಚಿತ್ರ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮರಾಠಿ ಚಿತ್ರವೊಂದರ ಜೊತೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಹಂಚಿಕೊಂಡಿತು. ಅಷ್ಟು ದೊಡ್ಡ ಗೌರವ ಬಂದ ಮೇಲೂ ಅದನ್ನು ನೋಡಿದ್ದೇನೆ ಎನ್ನುವವರು ಕರಾವಳಿಯಲ್ಲೇ ವಿರಳ. ಪ್ರಶಸ್ತಿಯಿಂದ ಹೆಸರು ಸಿಗುತ್ತದೆ. ಇಂಥ ವಾರ, ಇಂಥ ಹೊತ್ತಿಗೆ, ಇಂಥಲ್ಲಿ ನೋಡಬಹುದು ಎಂಬ ಭರವಸೆ ಅದರೊಂದಿಗೆ ಬರುವುದಿಲ್ಲ.

ಶುಕ್ರವಾರದಿಂದ ಸೋಮವಾರದವರೆಗಿನ ಲೆಕ್ಕ

ಆ ಭರವಸೆ ಯಾಕೆ ಸಿಗುವುದಿಲ್ಲ ಎಂಬುದನ್ನು ತಿಳಿಯಲು ಮಲ್ಟಿಪ್ಲೆಕ್ಸ್ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಪರದೆಗಳ ಹಂಚಿಕೆ ವಾರದ ಲೆಕ್ಕದ್ದು. ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಶನಿವಾರ, ಭಾನುವಾರ ಎಷ್ಟು ಆಸನ ತುಂಬಿದವು ಎಂಬುದರ ಮೇಲೆ ಸೋಮವಾರದಿಂದ ಅದಕ್ಕೆ ಎಷ್ಟು ಪ್ರದರ್ಶನ, ಯಾವ ಹೊತ್ತಿನ ಪ್ರದರ್ಶನ ಎಂಬುದು ನಿಂತಿರುತ್ತದೆ. ಸಂಜೆಯ ಪ್ರದರ್ಶನ ಬೆಳಗ್ಗಿನ ಹತ್ತು ಗಂಟೆಗೆ ಸರಿಯುತ್ತದೆ. ಬೆಳಗ್ಗೆ ಹತ್ತಕ್ಕೆ ಕಚೇರಿಯಲ್ಲೋ ಅಂಗಡಿಯಲ್ಲೋ ತರಗತಿಯಲ್ಲೋ ಇರುವವರು ಬರಲಾರರು. ಜನ ಬರಲಿಲ್ಲವೆಂದು ಪ್ರದರ್ಶನ ಕಡಿತವಾಗುತ್ತದೆ, ಪ್ರದರ್ಶನವಿಲ್ಲದ್ದರಿಂದ ಜನ ಬರುವುದಿಲ್ಲ, ಎರಡನೆಯ ಶುಕ್ರವಾರದ ಹೊತ್ತಿಗೆ ಚಿತ್ರ ಪಟ್ಟಿಯಿಂದಲೇ ಹೊರಗೆ.

ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಇನ್ನೂರು ಆಸನಗಳ ಸಭಾಂಗಣದಲ್ಲಿ ಹದಿನೈದು ಜನ ಕೂತಾಗಲೂ ಹವಾನಿಯಂತ್ರಣ, ವಿದ್ಯುತ್ತು, ಸಿಬ್ಬಂದಿಯ ಖರ್ಚು ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಮಲ್ಟಿಪ್ಲೆಕ್ಸ್ ಸರಣಿಗಳ ಆದಾಯದಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ತಿಂಡಿ ಪಾನೀಯಗಳಿಂದ ಬರುವುದರಿಂದ, ಒಳಗೆ ಬಂದ ತಲೆಗಳ ಸಂಖ್ಯೆ ಟಿಕೆಟಿನ ಹಣಕ್ಕಿಂತಲೂ ಹೆಚ್ಚಿನ ಅರ್ಥ ಪಡೆಯುತ್ತದೆ. ನಿರ್ಮಾಪಕರ ಕಡೆಗೂ ನಿಶ್ಚಿತ ಖರ್ಚುಗಳಿವೆ. ಡಿಜಿಟಲ್ ಪ್ರಿಂಟಿನ ಶುಲ್ಕವನ್ನು, ಒಳಗೆ ಹತ್ತು ಜನರಿರಲಿ ಇನ್ನೂರು ಜನರಿರಲಿ, ಅವರು ತೆರಲೇಬೇಕು. ಹಿಂದಿ ಚಿತ್ರಗಳಿಗೆ 2009ರಲ್ಲಿ ಆದ ಒಪ್ಪಂದದ ಪ್ರಕಾರ ಮೊದಲ ವಾರದ ಗಳಿಕೆಯಲ್ಲಿ ಚಿತ್ರದವರ ಪಾಲು 50 ಶೇಕಡಾ, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30. ಭಾಷೆ, ಊರಿಗೆ ತಕ್ಕಂತೆ ಈ ಅಂಕಿಗಳು ಬದಲಾದರೂ ದಿನ ಕಳೆದಂತೆ ಚಿತ್ರದವರ ಪಾಲು ಇಳಿಯುವ ಕ್ರಮ ವ್ಯಾಪಕವಾಗಿದೆ. ಹಾಗಾಗಿ ನಿಧಾನವಾಗಿ, ಬಾಯಿಮಾತಿನಿಂದ ಪ್ರೇಕ್ಷಕರನ್ನು ಗಳಿಸುವ ಚಿತ್ರ ತನ್ನ ಪ್ರೇಕ್ಷಕರು ಬರುವ ಹೊತ್ತಿಗೆ ತನ್ನ ಪಾಲಿನ ದೊಡ್ಡ ಭಾಗವನ್ನು ಕಳೆದುಕೊಂಡಿರುತ್ತದೆ.

ಒಂದು ಸರಳ ಲೆಕ್ಕ ಹಾಕಬಹುದು. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಹೇಳಿದವರು 18.46 ಲಕ್ಷ. ಇವರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಗಂಭೀರ ತುಳು ಚಿತ್ರ ನೋಡುವ ಆಸೆ ಇದೆಯೆಂದು ಊಹಿಸಿದರೂ ಹದಿನೆಂಟು ಸಾವಿರ ಪ್ರೇಕ್ಷಕರಾದರು. ಇನ್ನೂರು ಆಸನಗಳ ಸಭಾಂಗಣವೊಂದನ್ನು ಅವರು ತೊಂಬತ್ತು ಸಲ ತುಂಬಬಲ್ಲರು, ಎಂದರೆ ದಿನಕ್ಕೊಂದು ಪ್ರದರ್ಶನದಂತೆ ಮೂರು ತಿಂಗಳು. ಅದೇ ಚಿತ್ರಕ್ಕೆ ಮೊದಲ ವಾರದಲ್ಲೇ ದಿನಕ್ಕೆ ನಾಲ್ಕು ಪ್ರದರ್ಶನ ಕೊಟ್ಟು ತುಂಬಿಸಿ ತೋರಿಸು ಎಂದರೆ 5,600 ಜನ ಏಳು ದಿನಗಳೊಳಗೆ ಬರಬೇಕು. ಅವರಲ್ಲಿ ಒಬ್ಬರು ಕಾರ್ಕಳದವರು, ಇನ್ನೊಬ್ಬರು ಪುತ್ತೂರಿನವರು, ಮತ್ತೊಬ್ಬರಿಗೆ ರಜೆ ಸಿಗುವುದು ಮುಂದಿನ ತಿಂಗಳು. ಪ್ರೇಕ್ಷಕರು ಇಲ್ಲದೆ ಇರುವುದು ಬೇರೆ, ಪ್ರೇಕ್ಷಕರು ಏಳು ದಿನಗಳೊಳಗೆ ಬರಲಾಗದೆ ಇರುವುದು ಬೇರೆ. ಈಗಿನ ವ್ಯವಸ್ಥೆ ಎರಡನ್ನೂ ಒಂದೇ ಎಂದು ಬಗೆಯುತ್ತದೆ.

ಬೇರೆ ಕ್ರಮ ಸಾಧ್ಯವೆಂಬುದಕ್ಕೆ ಮಂಗಳೂರಿನಲ್ಲೇ ನಿದರ್ಶನವಿದೆ. 2014ರಲ್ಲಿ ಬಿಡುಗಡೆಯಾದ ‘ಚಾಲಿಪೋಲಿಲು’ ಇಲ್ಲಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ 500 ದಿನಗಳಿಗೂ ಹೆಚ್ಚು ಕಾಲ ಉಳಿಯಿತು. ಅದು ಜನಪ್ರಿಯ ಹಾಸ್ಯಚಿತ್ರ, ಅಪರೂಪದ ಅಭಿರುಚಿಯದ್ದಲ್ಲ ಎನ್ನಬಹುದು, ಆ ಮಾತು ನಿಜ. ಆದರೆ ಲಕ್ಷಾಂತರ ಜನರ ಸಣ್ಣ ಭಾಷೆಯ ಚಿತ್ರವೊಂದು ದೀರ್ಘಕಾಲ ತೆರೆಯ ಮೇಲೆ ಉಳಿದರೆ ಪ್ರೇಕ್ಷಕರು ತಮ್ಮ ಅನುಕೂಲದ ದಿನ ಹುಡುಕಿಕೊಂಡು ಬರುತ್ತಾರೆ ಎಂಬುದು ಅದರಿಂದ ಸ್ಪಷ್ಟವಾಗಿದೆ.

ಮಿತಿ ಜಾರಿಯಾದರೆ

ಈಗ ದರದ ಮಿತಿಯನ್ನು ಈ ಲೆಕ್ಕದೊಳಗೆ ಇಟ್ಟು ನೋಡೋಣ. ಪರಿಣಾಮ ಎರಡು ದಿಕ್ಕಿಗೂ ಎಳೆಯುತ್ತದೆ.

ದರಕ್ಕೆ ಮಿತಿಯಿಲ್ಲದಿದ್ದರೆ ತಾರೆಯರ ಚಿತ್ರದ ಸಂಜೆಯ ಟಿಕೆಟನ್ನು 500 ರೂಪಾಯಿಗೂ ಮಾರಬಹುದು. ಆಗ 150 ರೂಪಾಯಿಯ ಸಣ್ಣ ಚಿತ್ರ ಅದೇ ಹೊತ್ತಿನಲ್ಲಿ ಪೂರ್ತಿ ತುಂಬಿದರೂ ಮಂದಿರದವರಿಗೆ ನಷ್ಟವೇ. ಮಿತಿ ಬಂದು ಎರಡರ ದರವೂ 200ರ ಒಳಗೆ ಬಂದರೆ ಈ ಅಂತರ ಕುಗ್ಗುತ್ತದೆ. ತುಂಬಬಲ್ಲ ಸಣ್ಣ ಚಿತ್ರಕ್ಕೆ ಸಂಜೆಯ ಹೊತ್ತು ಕೊಡುವುದು ಆಗ ಅಷ್ಟು ದುಬಾರಿಯಾಗಿ ಕಾಣುವುದಿಲ್ಲ. ಇನ್ನೊಂದು ಅನುಕೂಲವೂ ಉಂಟು. ನಾಲ್ವರ ಕುಟುಂಬ ಒಂದು ದೊಡ್ಡ ಚಿತ್ರಕ್ಕೆ ಎರಡು ಸಾವಿರ ಸುರಿದ ಮೇಲೆ ಆ ತಿಂಗಳು ಮತ್ತೊಂದು ಸಿನಿಮಾದ ಮಾತೆತ್ತುವುದಿಲ್ಲ. ಸಾವಿರದೊಳಗೆ ಮುಗಿದರೆ ಗುರುತಿಲ್ಲದ ಚಿತ್ರವೊಂದನ್ನು ನೋಡಿಯೇ ಬಿಡೋಣ ಎಂಬ ಧೈರ್ಯ ಉಳಿಯುತ್ತದೆ.

ಇನ್ನೊಂದು ದಿಕ್ಕಿನ ಎಳೆತ ಹೆಚ್ಚು ಬಲವಾದದ್ದೆಂದು ನನ್ನ ಅಂದಾಜು. ಟಿಕೆಟಿನಿಂದ ಬರುವ ಹಣಕ್ಕೆ ಮೇಲ್ಮಿತಿ ಬಿದ್ದರೆ ಮಂದಿರದವರು ಅದನ್ನು ತುಂಬಿಕೊಳ್ಳಲು ಉಳಿಯುವ ದಾರಿ ಎರಡೇ. ಹೆಚ್ಚು ಜನರನ್ನು ಒಳಗೆ ತರಬೇಕು, ಬಂದವರಿಗೆ ಹೆಚ್ಚು ತಿಂಡಿ ಮಾರಬೇಕು. ಎರಡಕ್ಕೂ ಬೇಕಾಗುವುದು ಕುಟುಂಬ ಸಮೇತ ನೆರೆಯುವ ಜನಸಂದಣಿ, ಅದನ್ನು ತರಬಲ್ಲದ್ದು ಎಲ್ಲರಿಗೂ ಗೊತ್ತಿರುವ ಚಿತ್ರ. ಬಿಡುಗಡೆಯ ವಾರ ದರ ಏರಿಸಲಾಗದಿದ್ದರೆ ಪ್ರದರ್ಶನಗಳ ಸಂಖ್ಯೆಯನ್ನೇ ಏರಿಸುವುದು ಲಾಭದಾಯಕವಾಗುತ್ತದೆ, ಐದು ಪರದೆಗಳಲ್ಲಿ ನಾಲ್ಕು ಒಂದೇ ಚಿತ್ರಕ್ಕೆ ಹೋಗುತ್ತವೆ. ಹದಿನೈದು ಜನ ಬಂದು, ಪಾಪ್‌ಕಾರ್ನ್ ಕೊಳ್ಳದೆ, ಚಿತ್ರ ಮುಗಿದ ಮೇಲೆ ಮೆಟ್ಟಿಲ ಬಳಿ ನಿಂತು ಅದರ ಬಗ್ಗೆ ಮಾತಾಡುವ ಪ್ರದರ್ಶನ ಮೊದಲು ಕೈಬಿಡಬೇಕಾದ ಬಾಬತ್ತಾಗುತ್ತದೆ.

ಇಂಥ ಪ್ರೇಕ್ಷಕರಿಗೆ ಟಿಕೆಟಿನ ಐವತ್ತು ನೂರು ರೂಪಾಯಿ ನಿರ್ಣಾಯಕವಲ್ಲ ಎಂಬುದನ್ನೂ ಸೇರಿಸಬೇಕು. ಕುಂದಾಪುರದಿಂದ ಮಣಿಪಾಲಕ್ಕೆ ಬರುವವರಿಗೆ ಚಿತ್ರ ರಾತ್ರಿ ಎಷ್ಟು ಹೊತ್ತಿಗೆ ಬಿಡುತ್ತದೆ, ಆಮೇಲೆ ಬಸ್ಸು ಇದೆಯೇ ಎಂಬುದು ದೊಡ್ಡ ವಿಚಾರ. ಮುಂದಿನ ಭಾನುವಾರದ ತನಕ ಚಿತ್ರ ಇರುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡದು.

75 ಆಸನಗಳ ವಿನಾಯಿತಿ

ನಿಯಮದ ವಿನಾಯಿತಿಗೆ ಮರಳೋಣ. 75 ಆಸನಗಳ ಒಳಗಿನ ಪ್ರೀಮಿಯಂ ಪರದೆಗೆ ಮಿತಿ ಅನ್ವಯಿಸುವುದಿಲ್ಲ. ಕಾಲು ಚಾಚಿ ಕೂರುವ ಆಸನ, ಕೂತಲ್ಲಿಗೇ ಊಟ ತರುವ ಸೇವೆ ಇರುವ ಕಡೆ ಹೆಚ್ಚು ಕೊಡಬಲ್ಲವರು ಕೊಡಲಿ ಎಂಬ ತರ್ಕ ಅದರ ಹಿಂದಿದೆ. ಆದರೆ ಅಪರೂಪದ ಅಭಿರುಚಿಗೆ ಬೇಕಾದ ಅಳತೆಯೂ ಅದೇ. ಅರವತ್ತು ಆಸನಗಳ ಕೋಣೆಯಲ್ಲಿ ನಲವತ್ತು ಜನ ಕೂತರೆ ಮೂರರಲ್ಲಿ ಎರಡು ಪಾಲು ತುಂಬಿತು. ಅದೇ ನಲವತ್ತು ಜನ 250 ಆಸನಗಳ ಸಭಾಂಗಣದಲ್ಲಿ ಕೂತರೆ ಪ್ರದರ್ಶನ ಸೋತಿತು ಎಂದು ಬರೆದಿಡಲಾಗುತ್ತದೆ. ಸಣ್ಣ ಕೋಣೆಯನ್ನು ಐಷಾರಾಮದ ಗುರುತಾಗಿ ಮಾತ್ರ ಕಂಡಿರುವುದು ಈ ನಿಯಮದ ನಿಜವಾದ ಕೊರತೆ ಎಂದು ನನಗನ್ನಿಸುತ್ತದೆ.

ಸಾಧಾರಣ ಕುರ್ಚಿಯ, ಒಳ್ಳೆಯ ಧ್ವನಿ ಮತ್ತು ಚಿತ್ರದ ಗುಣಮಟ್ಟವುಳ್ಳ, 100 ರೂಪಾಯಿ ಟಿಕೆಟಿನ ಸಣ್ಣ ಪರದೆಗೆ ತೆರಿಗೆಯ ದೃಷ್ಟಿಯಿಂದಲೂ ಈಗ ಅವಕಾಶ ಒದಗಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ದರದ ಟಿಕೆಟಿನ ಮೇಲಿನ ಜಿಎಸ್‌ಟಿ 12 ಶೇಕಡಾದಿಂದ 5 ಶೇಕಡಾಕ್ಕೆ ಇಳಿದಿದೆ, ಅದನ್ನು ಮೀರಿದ ಟಿಕೆಟಿಗೆ 18 ಶೇಕಡಾವೇ ಉಳಿದಿದೆ. ಪ್ರೇಕ್ಷಕರು 105 ರೂಪಾಯಿ ಕೊಟ್ಟರೆ ಅದರಲ್ಲಿ 100 ಮಂದಿರಕ್ಕೂ ಚಿತ್ರಕ್ಕೂ ಸೇರುತ್ತದೆ. ಅಪರೂಪದ ಚಿತ್ರಗಳಿಗೆ ಇದಕ್ಕಿಂತ ಹೊಂದುವ ದರಶ್ರೇಣಿ ಇನ್ನೊಂದಿಲ್ಲ. ಆದರೆ ದರಮಿತಿಯ ಗದ್ದಲದಲ್ಲಿ ಅದರ ಬಗ್ಗೆ ಮಾತು ಬಂದದ್ದು ಕಡಿಮೆ.

ಒಟಿಟಿ ಸಾಲದೇ?

ಮಂದಿರದಲ್ಲಿ ಜಾಗವಿಲ್ಲದ ಚಿತ್ರ ಮೊಬೈಲಿನಲ್ಲಿ ಸಿಗುತ್ತದಲ್ಲ ಎಂಬ ಮಾತು ಸಾಮಾನ್ಯ. ಚೆದುರಿದ ಅಭಿರುಚಿಗೆ ಅದು ಬಹುಮಟ್ಟಿಗೆ ಸರಿ. ಒಂದೆಡೆ ದಟ್ಟವಾದ ಅಭಿರುಚಿಗೆ ಅಲ್ಲ. ವೇದಿಕೆಯ ಶಿಫಾರಸು ವ್ಯವಸ್ಥೆ ನಿಮ್ಮಂತೆಯೇ ನೋಡಿದ ಇತರರು ಮುಂದೆ ಏನು ನೋಡಿದರು ಎಂಬುದನ್ನು ಆಧರಿಸಿ ಸಲಹೆ ಕೊಡುತ್ತದೆ. ನೋಡಿದವರೇ ಕಡಿಮೆಯಿರುವ ಚಿತ್ರದ ಬಗ್ಗೆ ಅದಕ್ಕೆ ಸಲಹೆ ಕೊಡುವಷ್ಟು ಮಾಹಿತಿ ಸೇರುವುದಿಲ್ಲ, ಸಲಹೆಯಲ್ಲಿ ಬಾರದ್ದರಿಂದ ನೋಡುವವರೂ ಹೆಚ್ಚುವುದಿಲ್ಲ. ಭಾಷೆಗಳ ಪಟ್ಟಿಯಲ್ಲಿ ತುಳುವಿಗೋ ಬ್ಯಾರಿಗೋ ಪ್ರತ್ಯೇಕ ಜಾಗ ಇಲ್ಲದ ಕಡೆ ಹುಡುಕುವವರಿಗೂ ದಾರಿ ಕಾಣುವುದಿಲ್ಲ. ದೊಡ್ಡ ವೇದಿಕೆಗಳು ಕನ್ನಡ ಚಿತ್ರಗಳನ್ನೇ ಕೊಳ್ಳಲು ಹಿಂಜರಿಯುತ್ತವೆ ಎಂಬ ದೂರು ಚಿತ್ರರಂಗದಲ್ಲಿ ಬಲವಾಗಿರುವಾಗ ಉಳಿದ ಭಾಷೆಗಳ ಪಾಡನ್ನು ಊಹಿಸಬಹುದು.

ಸರ್ಕಾರದ್ದೇ ಒಟಿಟಿ ಎಂಬ ಬಜೆಟ್ಟಿನ ಮಾತಿಗೆ ಕೇರಳದಲ್ಲಿ ಮಾದರಿಯಿದೆ. ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮ 2024ರ ಮಾರ್ಚಿನಲ್ಲಿ ‘ಸಿ ಸ್ಪೇಸ್’ ಆರಂಭಿಸಿತು. ತಿಂಗಳ ಚಂದಾ ಇಲ್ಲ, ಕಥಾಚಿತ್ರವೊಂದಕ್ಕೆ 75 ರೂಪಾಯಿ ಕೊಟ್ಟು ನೋಡಬೇಕು, ಗಳಿಕೆಯಲ್ಲಿ ನಿರ್ಮಾಪಕರಿಗೆ ಪಾಲು. ಕರ್ನಾಟಕದ ವೇದಿಕೆ ಬಂದಾಗ ಅದರಲ್ಲಿ ರಾಜ್ಯದ ಎಲ್ಲ ಭಾಷೆಗಳಿಗೆ ಸ್ಥಾನವಿರಬೇಕೆಂದು ಕರಾವಳಿಯ ಚಿತ್ರಕರ್ಮಿಗಳು ಈಗಲೇ ಕೇಳಬೇಕಾಗಿದೆ. ಸಹಾಯಧನ ಮತ್ತು ರಾಜ್ಯ ಪ್ರಶಸ್ತಿಗಳಲ್ಲಿ ಪ್ರಾದೇಶಿಕ ಭಾಷೆಗಳಿಗೆ ಈಗಾಗಲೇ ಜಾಗವಿರುವಾಗ ಇದು ಹೊಸ ತತ್ವವೇನೂ ಅಲ್ಲ.

ಕರಾವಳಿಗೆ ಗೊತ್ತಿರುವ ಕ್ರಮ

ಕೆಲವರಷ್ಟೇ ಸವಿಯುವ ಕಲೆಯನ್ನು ಉಳಿಸಿಕೊಳ್ಳುವುದು ಹೇಗೆಂಬುದು ಈ ನೆಲಕ್ಕೆ ಹೊಸ ಪ್ರಶ್ನೆಯಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ, ಚೆಂಡೆ ಮದ್ದಳೆ, ಪಾತ್ರವಾಗಿ ಕೂತು ವಾದಿಸುವ ಅರ್ಥಧಾರಿಗಳ ಮಾತು ಇಷ್ಟೇ. ಕರ್ಣನೋ ವಾಲಿಯೋ ಧರ್ಮಸೂಕ್ಷ್ಮವನ್ನು ಗಂಟೆಗಟ್ಟಲೆ ವಾದಿಸುವುದನ್ನು ಕೂತು ಕೇಳುವ ರುಚಿ ಯಕ್ಷಗಾನದ ಅಭಿಮಾನಿಗಳಲ್ಲೂ ಎಲ್ಲರಿಗೂ ಇರುವುದಿಲ್ಲ, ಘಟ್ಟದ ಮೇಲಿನ ಹೆಚ್ಚಿನ ಓದುಗರಿಗೆ ಅಂಥದೊಂದು ಕಲೆ ಇದೆಯೆಂಬುದೂ ತಿಳಿದಿರಲಾರದು. ಆದರೂ ಮೇ ಕೊನೆಯಲ್ಲಿ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ದೇವಸ್ಥಾನದ ಚಾವಡಿಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಕೂಟಗಳು ನಡೆಯುತ್ತವೆ. ಉಡುಪಿಯ ಯಕ್ಷಗಾನ ಕಲಾರಂಗ ವರ್ಷಕ್ಕೊಮ್ಮೆ ತಾಳಮದ್ದಲೆ ಸಪ್ತಾಹವನ್ನೇ ನಡೆಸುತ್ತದೆ. ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ತಿಂಗಳ ಮೊದಲ ಭಾನುವಾರ ಕೊಂಕಣಿ ನಾಟಕ, ಸಂಗೀತ, ನೃತ್ಯದ ತಿಂಗಳ ವೇದಿಕೆಯನ್ನು ಎರಡು ದಶಕಗಳಿಂದ ನಡೆಸಿಕೊಂಡು ಬಂದಿದೆ.

ಇವುಗಳಲ್ಲಿ ಮೂರು ಅಂಶಗಳು ಸಮಾನ. ದಿನ ಮೊದಲೇ ನಿಶ್ಚಿತವಾಗಿರುತ್ತದೆ, ಕೇಳುಗರು ಪ್ರಚಾರಕ್ಕೆ ಕಾಯಬೇಕಾಗಿಲ್ಲ. ಜಾಗ ಸಣ್ಣದು, ಅರವತ್ತು ಜನ ಬಂದರೂ ಸಭೆ ಕಳೆಗಟ್ಟುತ್ತದೆ. ಖರ್ಚನ್ನು ಸಂಘವೋ ದಾನಿಗಳೋ ಮುಂಚಿತವಾಗಿ ಹೊತ್ತಿರುತ್ತಾರೆ, ಅಂದಿನ ತಲೆಯೆಣಿಕೆಯ ಮೇಲೆ ಕಲಾವಿದರ ಸಂಭಾವನೆ ನಿಂತಿರುವುದಿಲ್ಲ. ಯಕ್ಷಗಾನದ ಮೇಳಗಳ ಚರಿತ್ರೆ ಈ ಮೂರನೆಯ ಅಂಶದ ಮಹತ್ವವನ್ನು ತೋರಿಸುತ್ತದೆ. ಟಿಕೆಟಿನ ಹಣವನ್ನೇ ನಂಬಿದ್ದ ಡೇರೆ ಮೇಳಗಳು ಒಂದೊಂದಾಗಿ ನಿಂತು ಈಗ ಬೆರಳೆಣಿಕೆಗೆ ಇಳಿದಿವೆ. ಹರಕೆಯ ಆಟವಾಡುವ ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಿಗೆ ಸೇವಾಕರ್ತರು ವರ್ಷಗಟ್ಟಲೆ ಕಾಯುತ್ತಾರೆ. ಸಿನಿಮಾದಲ್ಲೂ ಇದರ ಬೀಜ ಇದೆ. ತುಳು ಚಿತ್ರದ ಇಡೀ ಪ್ರದರ್ಶನವನ್ನು ಸಂಘವೊಂದು ಮೊದಲೇ ಕಾದಿರಿಸಿ ಸದಸ್ಯರಿಗೆ ಟಿಕೆಟು ಹಂಚುವ ಕ್ರಮ ಊರಿನಲ್ಲೂ ಕೊಲ್ಲಿಯಲ್ಲೂ ರೂಢಿಯಲ್ಲಿದೆ. ಈಗ ಅದು ಬಿಡುಗಡೆಯ ವಾರದ ಉತ್ಸಾಹಕ್ಕೆ ಸೀಮಿತವಾಗಿದೆ, ನಿಯತವಾದ ವ್ಯವಸ್ಥೆಯಾಗಿಲ್ಲ.

ಮುಂದಿನ ಸಾಧ್ಯತೆಗಳು

ಬೇರೆ ರಾಜ್ಯಗಳು ದರದ ಬದಲು ಹೊತ್ತನ್ನೇ ನಿಯಂತ್ರಿಸಲು ಹೊರಟದ್ದುಂಟು. ಮಹಾರಾಷ್ಟ್ರ 2015ರಲ್ಲಿ ಮಲ್ಟಿಪ್ಲೆಕ್ಸ್‌ಗಳು ಮರಾಠಿ ಚಿತ್ರಕ್ಕೆ ಪ್ರಮುಖ ಹೊತ್ತಿನಲ್ಲಿ ಜಾಗ ಕೊಡಬೇಕೆಂದಿತು. ಮೊದಲು ಸಂಜೆ 6ರಿಂದ 9 ಎಂದಿದ್ದನ್ನು ಆಕ್ಷೇಪಗಳ ಬಳಿಕ ಮಧ್ಯಾಹ್ನ 12ರಿಂದ ರಾತ್ರಿ 9ರವರೆಗೆ ಎಂದು ಸಡಿಲಿಸಿತು. ಪಶ್ಚಿಮ ಬಂಗಾಳ 2025ರ ಆಗಸ್ಟಿನಲ್ಲಿ ಬಂಗಾಳಿ ಚಿತ್ರಗಳಿಗೆ ವರ್ಷವಿಡೀ ಪ್ರಮುಖ ಹೊತ್ತಿನ ಪ್ರದರ್ಶನ ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಇಂಥದೇ ನಿಯಮ ಬಂದರೆ ಕನ್ನಡಕ್ಕೆ ಲಾಭವಾದೀತು, ಆದರೆ ತಾರೆಯರ ಕನ್ನಡ ಚಿತ್ರವೊಂದೇ ಅದನ್ನು ಪೂರೈಸಿಬಿಡುತ್ತದೆ. ರಾಜ್ಯಭಾಷೆಯನ್ನು ಆಧರಿಸಿದ ಮೀಸಲಿನಲ್ಲಿ ತುಳು, ಕೊಂಕಣಿ, ಬ್ಯಾರಿ ಚಿತ್ರಗಳಿಗೂ ಕನ್ನಡದ್ದೇ ಪ್ರಯೋಗಶೀಲ ಚಿತ್ರಗಳಿಗೂ ಪಾಲು ಸಿಗುವುದು ಅನುಮಾನ.

ದರಮಿತಿಯ ವ್ಯಾಜ್ಯ ಹೇಗೇ ಮುಗಿದರೂ ಅದಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಸಹಾಯಧನವನ್ನು ಚಿತ್ರ ತಯಾರಾದದ್ದಕ್ಕೆ ಮಾತ್ರ ಕೊಡದೆ, ಅದರ ಒಂದು ಭಾಗವನ್ನು ಪ್ರದರ್ಶನಕ್ಕೆ ಕೊಡಬಹುದು. ವಾರಕ್ಕೊಂದು ಸಲ, ಬುಧವಾರ ಸಂಜೆ ಏಳಕ್ಕೆ ಎಂದಿಟ್ಟುಕೊಳ್ಳೋಣ, ಒಂದೇ ಸಣ್ಣ ಪರದೆಯಲ್ಲಿ, 100 ರೂಪಾಯಿ ಟಿಕೆಟಿನಲ್ಲಿ, ಎಂಟು ವಾರ ಒಂದೇ ಚಿತ್ರವನ್ನು ಉಳಿಸಿಕೊಳ್ಳುವ ಮಂದಿರಕ್ಕೆ ಖಾಲಿ ಆಸನಗಳ ನಷ್ಟದ ಒಂದು ಪಾಲನ್ನು ತುಂಬಿಕೊಡುವುದು ಕಾನೂನಿನ ತೊಡಕಿಲ್ಲದ ಮಾರ್ಗ. ದರ ನಿಗದಿಯ ಅಧಿಕಾರ ಸರ್ಕಾರಕ್ಕಿದೆಯೇ ಎಂಬ ವಿವಾದ ಇಲ್ಲಿ ಏಳುವುದೇ ಇಲ್ಲ, ಏಕೆಂದರೆ ಇದರಲ್ಲಿ ಯಾರನ್ನೂ ನಿರ್ಬಂಧಿಸಿಲ್ಲ. ವಾರದ ನಡುವಿನ ದಿನಗಳಲ್ಲಿ ಹೇಗೂ ಅರೆಖಾಲಿಯಾಗಿ ಓಡುವ ಪರದೆಯನ್ನು ಬಿಟ್ಟುಕೊಡಲು ಮಂದಿರದವರಿಗೂ ಹೆಚ್ಚಿನ ಅಡ್ಡಿ ಇರಲಾರದು. ಮಂಗಳೂರಿನಲ್ಲೊಂದು, ಉಡುಪಿ ಅಥವಾ ಮಣಿಪಾಲದಲ್ಲೊಂದು ಪರದೆಯಿಂದ ಆರಂಭಿಸಿದರೆ, ಸಂಘಗಳು ಪ್ರದರ್ಶನ ಕಾದಿರಿಸುವ ಈಗಿನ ಅಭ್ಯಾಸವನ್ನೇ ಬಿಡುಗಡೆಯ ವಾರದಿಂದ ಈ ಎಂಟು ವಾರಗಳಿಗೆ ಹರಡಲು ಸಾಧ್ಯವಾಗುತ್ತದೆ. ಎಂಟು ವಾರಗಳ ಕೊನೆಗೆ ಎಷ್ಟು ಜನ ಬಂದರೆಂಬ ಲೆಕ್ಕ ಕೈಯಲ್ಲಿದ್ದರೆ ಮುಂದಿನ ಚಿತ್ರದ ನಿರ್ಮಾಪಕರಿಗೂ ಒಟಿಟಿ ವೇದಿಕೆಗೂ ತೋರಿಸಲು ಒಂದು ಅಂಕಿ ಸಿಗುತ್ತದೆ. ಮೊದಲ ವಾರಾಂತ್ಯದ ಗಳಿಕೆಯನ್ನು ಬಿಟ್ಟರೆ ಇಂದು ಅವರ ಬಳಿ ತೋರಿಸಲು ಬೇರೆ ಅಂಕಿ ಇಲ್ಲ.